ಇಬ್ಬರೂ ಒಂದೇ ಮೂಲೆಗೆ ಹೋದರೆ ಗೋಲು ಖಚಿತ

ಐಸ್ ಹಾಕಿಯಲ್ಲಿ ಗೋಲು ಬಿದ್ದ ಕೂಡಲೇ ಬೈಗುಳ ತಿನ್ನುವವನು ಗೋಲಿ (ಗೋಲು ಕಾಯುವವನು), ಇಲ್ಲವೇ ಪಕ್ (ಆಟದ ರಬ್ಬರ್ ಬಿಲ್ಲೆ) ಕಳೆದುಕೊಂಡವನು. ರೀಪ್ಲೇಯನ್ನು ಐದು ಸೆಕೆಂಡ್ ಹಿಂದಕ್ಕೆಳೆದು, ಪಕ್ ಬಿಟ್ಟು ಉಳಿದವರನ್ನು ನೋಡಿ. ಎಷ್ಟೋ ಸಲ ಇಬ್ಬರೂ ಡಿಫೆನ್ಸ್‌ಮನ್‌ಗಳು (ಹಿಂದೆ ನಿಂತು ಗೋಲು ಕಾಪಾಡುವವರು) ಒಂದೇ ಮೂಲೆಯಲ್ಲಿ ಸಿಕ್ಕಿಕೊಂಡಿರುತ್ತಾರೆ. ಗೋಲಿನ ಮುಂದೆ ಎದುರಾಳಿಯೊಬ್ಬ ಸ್ಟಿಕ್ ಊರಿಕೊಂಡು ಆರಾಮಾಗಿ ಕಾಯುತ್ತಿರುತ್ತಾನೆ.

ಪಕ್ ತಮ್ಮ ಗೋಲಿನ ಬದಿಯ ಮೂಲೆಗಿಳಿದಾಗ ಸಾಮಾನ್ಯ ಹಂಚಿಕೆ ಸರಳ. ಒಬ್ಬ ಡಿಫೆನ್ಸ್‌ಮನ್ ಪಕ್ ಇದ್ದವನ ಮೇಲೆ, ಇನ್ನೊಬ್ಬ ಗೋಲಿನ ಮುಂದೆ. ಪಕ್ ಇರುವ ಬದಿಯ ವಿಂಗರ್ (ಬದಿಯಲ್ಲಿ ಆಡುವ ಫಾರ್ವರ್ಡ್, ಅಂದರೆ ಮುಂಪಡೆ ಆಟಗಾರ) ತನ್ನ ಕಡೆಯ ಪಾಯಿಂಟ್‌ನಿಂದ (ವಲಯದ ಗಡಿಯಾದ ಬ್ಲೂ ಲೈನ್ ಹತ್ತಿರದ ಜಾಗ) ಬರುವ ಶಾಟ್‌ಗೆ ಅಡ್ಡ. ಆಚೆ ಬದಿಯ ವಿಂಗರ್ ಸ್ಲಾಟ್‌ಗೆ (ಗೋಲಿನ ಎದುರಿನ ನಡು ಜಾಗ) ಇಳಿದು, ಅಲ್ಲಿಂದಲೇ ದೂರದ ಪಾಯಿಂಟ್ ಮೇಲೆ ಕಣ್ಣಿಡಬೇಕು. ಪಕ್ ಬಂದೇಬಿಡುತ್ತದೆಂದು ಬ್ಲೂ ಲೈನ್ ಕಡೆ ಮೊದಲೇ ಓಡುವ ವಿಂಗರ್ ತಂಡಕ್ಕೆ ದುಬಾರಿ.

ಕಷ್ಟದ ಕೆಲಸ ನಡುವೆ ಆಡುವ ಫಾರ್ವರ್ಡ್ ಆದ ಸೆಂಟರ್‌ನದು. ಅವನು ಇಲ್ಲಿ ಮೂರನೇ ಡಿಫೆನ್ಸ್‌ಮನ್. ಬೋರ್ಡ್ (ರಿಂಕ್ ಅಂದರೆ ಐಸ್ ಅಂಗಳದ ಸುತ್ತಲಿನ ಗೋಡೆ) ಹತ್ತಿರದ ಜಟಾಪಟಿಯಿಂದ ಒಂದೆರಡು ಸ್ಟಿಕ್ ಉದ್ದ ಒಳಗೆ ನಿಂತು, ಹೊರಗೆ ಸಿಡಿದ ಪಕ್ ಹಿಡಿಯಬೇಕು, ತಪ್ಪಿಸಿಕೊಂಡವನನ್ನು ತಡೆಯಬೇಕು. ತಾನೂ ಬೋರ್ಡ್‌ಗೆ ನುಗ್ಗಿದರೆ ಒಂದೇ ಪಾಸ್‌ಗೆ ಇಬ್ಬರೂ ಆಟದಿಂದ ಹೊರಗೆ.

ಮೂಲೆಗೆ ಹೋಗುವವನು ಗೋಲಿನ ಬದಿಯಿಂದ ಕೋನ ಹಿಡಿದು ಬರಬೇಕು. ಮೊದಲು ಸ್ಟಿಕ್ ಪಾಸಿನ ದಾರಿಯಲ್ಲಿ, ಆಮೇಲೆ ಮೈ. ನೇರ ಧಾವಿಸಿದರೆ ಎದುರಾಳಿ ಗಕ್ಕನೆ ತಿರುಗಿ ಗೋಲಿನತ್ತ ಹೊರಡುತ್ತಾನೆ.

ಗೋಲಿನ ಮುಂದೆ ನಿಂತ ಡಿಫೆನ್ಸ್‌ಮನ್ ಎದುರಾಳಿಯ ಬೆನ್ನಿನ ಮೇಲೆ ಒತ್ತುವ ಚಟ ಬಿಡಬೇಕು. ಎದುರಾಳಿ ಕದಲುವುದಿಲ್ಲ, ಗೋಲಿಯ ಕಣ್ಣಿಗೆ ಎರಡು ಮೈಗಳ ಮರೆ ಬೀಳುತ್ತದೆ, ಕ್ರಾಸ್-ಚೆಕಿಂಗ್‌ಗೆ (ಸ್ಟಿಕ್ ಅಡ್ಡ ಹಿಡಿದು ತಳ್ಳುವುದು) 2 ನಿಮಿಷ ಶಿಕ್ಷೆಯೂ ಬರಬಹುದು. ಶಾಟ್ ಹೊರಟ ಕ್ಷಣ ಎದುರಾಳಿಯ ಸ್ಟಿಕ್ ಎತ್ತಿಬಿಟ್ಟರೆ ಸಾಕು; ಸ್ಟಿಕ್ ಇಲ್ಲದೆ ರಿಬೌಂಡ್ (ತಾಗಿ ಹಿಂದಕ್ಕೆ ಚಿಮ್ಮಿದ ಪಕ್) ಹೊಡೆಯಲಾಗದು.

ಹೆಚ್ಚು ಎಡವಟ್ಟಾಗುವುದು ಎದುರಾಳಿಯನ್ನು ಕಾಯುವ ಹೊಣೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುವಾಗ. ಪಕ್ ಇದ್ದವನು ಬೋರ್ಡ್ ಗುಂಟ ಮೇಲಕ್ಕೆ ಹೋದಾಗ, ವಲಯ ಕಾಯುವ ತಂಡದಲ್ಲಿ ಡಿಫೆನ್ಸ್‌ಮನ್ ಅವನನ್ನು ವಿಂಗರ್‌ಗೆ ಬಿಟ್ಟು ಕೆಳಗಿಳಿಯುತ್ತಾನೆ. ಆಳಿಗೆ ಆಳು ಕಾಯುವ ತಂಡದಲ್ಲಿ ಬೆನ್ನು ಬಿಡುವುದಿಲ್ಲ. ಎರಡೂ ನಡೆಯುತ್ತವೆ. ಒಬ್ಬ ಇದನ್ನು, ಇನ್ನೊಬ್ಬ ಅದನ್ನು ಆಡಿದರೆ ಮಾತ್ರ ಇಬ್ಬರು ಒಬ್ಬನ ಮೇಲೆ ಬೀಳುತ್ತಾರೆ, ಮತ್ತೊಬ್ಬನಿಗೆ ಯಾರೂ ಇರುವುದಿಲ್ಲ. ಬಾಯಿಬಿಟ್ಟು ಕೂಗುವುದೇ ಮದ್ದು.

ನುಗ್ಗಿಬರುವ ಇಬ್ಬರೆದುರು ಒಬ್ಬನೇ ಡಿಫೆನ್ಸ್‌ಮನ್ ಉಳಿದಾಗ ಶಾಟ್ ತಡೆಯುವ ಹೊಣೆ ಗೋಲಿಯದು, ಅಡ್ಡ ಪಾಸ್ ತಡೆಯುವ ಹೊಣೆ ಡಿಫೆನ್ಸ್‌ಮನ್‌ನದು. ಡಿಫೆನ್ಸ್‌ಮನ್ ಬೇಗ ಮಲಗಿ ಜಾರಿದರೆ ಪಕ್ ಇದ್ದವನು ಅರೆಗಳಿಗೆ ತಡೆದು ಪಾಸ್ ಕೊಡುತ್ತಾನೆ. ನೆರವಿಗೆ ಹಿಂದಿನಿಂದ ಓಡಿಬರುವ ತಮ್ಮದೇ ಫಾರ್ವರ್ಡ್ ಮಾಡುವ ತಪ್ಪು ಇದಕ್ಕಿಂತ ದೊಡ್ಡದು: ಪಕ್ ಇದ್ದವನನ್ನೇ ಬೆನ್ನಟ್ಟುತ್ತಾನೆ. ಅವನು ಹಿಡಿಯಬೇಕಾದದ್ದು ಖಾಲಿ ಇರುವ ಎರಡನೆಯವನನ್ನು, ಅದೂ ರಿಂಕ್‌ನ ನಡುವಿನಿಂದ ಓಡಿಬಂದು.

ಎದುರಾಳಿ ವಲಯದಲ್ಲಿ ಡಿಫೆನ್ಸ್‌ಮನ್ ಬೋರ್ಡ್‌ ಗುಂಟ ಮುನ್ನುಗ್ಗಬೇಕೆಂದರೆ ಮೂರನೇ ಫಾರ್ವರ್ಡ್ ಬ್ಲೂ ಲೈನ್ ಕಡೆ ಮೇಲೆ ನಿಂತಿದ್ದಾನೋ ಎಂದು ಮೊದಲು ನೋಡಿಕೊಳ್ಳಲಿ; ಇಲ್ಲದಿದ್ದರೆ ಹಿಂದೆ ಸರಿಯಲಿ. ಎರಡನೇ ಪಿರಿಯಡ್‌ನಲ್ಲಂತೂ ಬದಿ ಬದಲಾಗಿ ಬದಲಿ ಆಟಗಾರರ ಬೆಂಚ್ ತಮ್ಮ ಗೋಲಿನಿಂದ ದೂರವಾಗುತ್ತದೆ. ಆಗ ದಣಿದ ಡಿಫೆನ್ಸ್‌ಮನ್ ಬದಲಾಗಬೇಕಾದದ್ದು ಪಕ್ ಎದುರಾಳಿಯ ಮೂಲೆಗೆ ಆಳವಾಗಿ ಹೋದ ಮೇಲೆ. ಅರ್ಧ ರಿಂಕ್‌ನಲ್ಲಿ ಪಕ್ ಕೈತಪ್ಪಿರುವಾಗ ಬೆಂಚ್ ಕಡೆ ತಿರುಗಿದರೆ ಗೋಲಿಯ ಮುಂದೆ ದಾರಿ ಪೂರ್ತಿ ಖಾಲಿ.