ಮಾಯಾ ಪಾಠದ ಪ್ರಗತಿ: ಕವಡೆಯ ಸೊನ್ನೆ, 13–20ರ ಚಕ್ರ, ಪಕಾಲ್‌ನ ವಯಸ್ಸು

ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಮಾಯಾ ಜನರ ಬಗ್ಗೆ ಆರು, ಏಳನೇ ತರಗತಿಯ ಮಕ್ಕಳಿಗಾಗಿ ಕಟ್ಟುತ್ತಿರುವ ಪಾಠಮಾಲೆಯಲ್ಲಿ ಎಣಿಕೆಯ ಭಾಗ ಮುಗಿದಿದೆ. ದಿನಚಕ್ರ ತಿರುಗುತ್ತಿದೆ. ಮೆಕ್ಕೆಜೋಳದ ಭಾಗ ಬಾಕಿ. ಪಿರಮಿಡ್ಡು, ನರಬಲಿ, 2012ರ ಪ್ರಳಯದ ಗುಲ್ಲು ಮೂರನ್ನೂ ಬೇಕೆಂದೇ ಹಿಂದಕ್ಕೆ ಇಟ್ಟಿದ್ದೇವೆ. ಅವುಗಳಿಂದ ಶುರು ಮಾಡಿದರೆ ಮಕ್ಕಳ ತಲೆಯಲ್ಲಿ ಉಳಿಯುವುದೂ ಅವಷ್ಟೇ. ಲೆಕ್ಕದಿಂದ ಶುರುವಾದರೆ ಕಲ್ಲಿನ ಮೇಲೆ ಕೆತ್ತಿದ ತಾರೀಖನ್ನು ಅವರೇ ಬಿಡಿಸಬಲ್ಲರು.

ಎಣಿಕೆ ಪಟ್ಟಿ (ಮುಗಿದಿದೆ)

ಒಬ್ಬರಿಗೆ 20 ಹುಣಸೆ ಬೀಜ, 15 ಐಸ್‌ಕ್ರೀಮ್ ಕಡ್ಡಿ, 5 ಕವಡೆ, 13 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಒಂದು ರಟ್ಟಿನ ಪಟ್ಟಿ. ಪಟ್ಟಿಯನ್ನು 8 ಸೆಂ.ಮೀ. ಎತ್ತರದ ಐದು ಮನೆಗಳಾಗಿ ಗೆರೆ ಎಳೆದು ನೆಟ್ಟಗೆ ಇಡಬೇಕು. ಬೀಜ ಎಂದರೆ 1, ಕಡ್ಡಿ ಎಂದರೆ 5, ಕವಡೆ ಎಂದರೆ ಸೊನ್ನೆ. ಮಾಯಾ ಬರಹದಲ್ಲಿ ಸೊನ್ನೆಗೆ ಚಿಪ್ಪಿನ ಆಕಾರವೇ ಇದೆ, ಹಾಗಾಗಿ ಕವಡೆಗಿಂತ ಒಳ್ಳೆಯ ಸಾಮಾನು ಸಿಗುವುದಿಲ್ಲ. ಕೆಳಗಿನ ಮನೆ ಬಿಡಿ ಸ್ಥಾನ, ಅದರ ಮೇಲಿನದು ಇಪ್ಪತ್ತರ ಸ್ಥಾನ. ಒಂದು ಮನೆಯಲ್ಲಿ ಹೆಚ್ಚೆಂದರೆ 19, ಅಂದರೆ ಮೂರು ಕಡ್ಡಿ, ನಾಲ್ಕು ಬೀಜ.

ಗೆರೆ ದಪ್ಪವಾಗಿರಲಿ. ಕಡ್ಡಿಯ ಮೇಲೆ ಬೀಜ ಒಂದೇ ಮನೆಯಲ್ಲಿದ್ದರೆ 6. ಬೀಜ ಮೇಲಿನ ಮನೆಗೆ ಜಾರಿದರೆ ಅದೇ 25. ಮೊದಲ ಅಭ್ಯಾಸಕ್ಕೆ ಈ ಎರಡೇ ಸಂಖ್ಯೆ ಸಾಕು. ಸ್ಥಾನಬೆಲೆ ಎಂದರೇನು ಎಂಬುದು ಇಲ್ಲಿ ಕೈಗೇ ತಿಳಿಯುತ್ತದೆ. ಮಕ್ಕಳು ಪದೇ ಪದೇ ಎಡವುವುದು ಬೇರೆ ಕಡೆ: ನಾಲ್ಕನೇ ಕಡ್ಡಿಯನ್ನೂ ಅದೇ ಮನೆಯಲ್ಲಿ ಇಟ್ಟುಬಿಡುತ್ತಾರೆ. ಅದಕ್ಕೇ ಮನೆಗೆ ಮೂರರ ಲೆಕ್ಕದಲ್ಲಿ 15 ಕಡ್ಡಿಯಷ್ಟೇ ಕೊಡುವುದು.

ಮೂರನೇ ಮನೆಗೆ ಬಂದಾಗ ನಿಧಾನಿಸಬೇಕು. ಸಾಮಾನು ಎಣಿಸುವಾಗ ಅದರ ಬೆಲೆ 400. ದಿನ ಎಣಿಸುವಾಗ 18×20, ಅಂದರೆ 360. ವರ್ಷದ ಹತ್ತಿರಕ್ಕೆ ಬರುವ ಅಳತೆ ಅದು. ಒಂದೇ ಪಟ್ಟಿಯಲ್ಲಿ ಎರಡನ್ನೂ ಕಲಿಸಿದರೆ ಗೊಂದಲ ಖಂಡಿತ. ಸಾಮಾನಿಗೆ ಬಿಳಿ ಪಟ್ಟಿ, ದಿನಕ್ಕೆ ಹಳದಿ ಪಟ್ಟಿ ಮಾಡಿದ ಮೇಲೆ ಗೊಂದಲ ತಗ್ಗಿದೆ. ಹಳದಿ ಪಟ್ಟಿಯ ಮನೆಗಳು ಕೆಳಗಿನಿಂದ: 1, 20, 360, 7,200, 1,44,000.

260 ದಿನದ ಚಕ್ರ (ನಡೆಯುತ್ತಿದೆ)

ಮಾಯಾ ದಿನಗಣನೆಯಲ್ಲಿ 1ರಿಂದ 13ರ ಅಂಕಿಗಳೂ 20 ದಿನದ ಹೆಸರುಗಳೂ ಜೊತೆಯಾಗಿ ಸಾಗುತ್ತವೆ; ಅದೇ ಜೋಡಿ ಮತ್ತೆ ಬರಲು 260 ದಿನ ಬೇಕು. ಅದಕ್ಕೇ 13 ಹಲ್ಲಿನ ಒಂದು ಚಕ್ರ, 20 ಹಲ್ಲಿನ ಇನ್ನೊಂದು. ಹಲ್ಲುಗಳ ನಡುವಿನ ಅಂತರ ಎರಡರಲ್ಲೂ ಒಂದೇ ಆಗಬೇಕು. ಅದಕ್ಕೆ ಸುಲಭದ ಉಪಾಯ, ಹಲ್ಲುಗಳು ಕೂಡುವ ವೃತ್ತದ ವ್ಯಾಸವನ್ನು 13 ಸೆಂ.ಮೀ. ಮತ್ತು 20 ಸೆಂ.ಮೀ. ಇಟ್ಟುಕೊಳ್ಳುವುದು. ಆಗ ಅಂತರ ಎರಡರಲ್ಲೂ 3.14 ಸೆಂ.ಮೀ. ಬರುತ್ತದೆ.

ದಪ್ಪ ಪೆಟ್ಟಿಗೆ ರಟ್ಟಿನಲ್ಲಿ 5.8 ಮತ್ತು 9.3 ಸೆಂ.ಮೀ. ತ್ರಿಜ್ಯದ ಬಿಲ್ಲೆ ಕತ್ತರಿಸಿ. 11 ಐಸ್‌ಕ್ರೀಮ್ ಕಡ್ಡಿಗಳನ್ನು ಮೂರು ಮೂರು ತುಂಡು ಮಾಡಿದರೆ ಬೇಕಾದ 33 ಹಲ್ಲು ಸರಿಯಾಗಿ ಸಿಗುತ್ತವೆ. ಪ್ರತಿ ತುಂಡೂ ಅಂಚಿನಿಂದ 1.3 ಸೆಂ.ಮೀ. ಹೊರಗೆ ಚಾಚುವಂತೆ ಫೆವಿಕಾಲ್ ಹಾಕಿ ಅಂಟಿಸಿ, ಮೇಲೆ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ನಡುವಿನ ತುಂಡಿಗೆ ಎರಡೂ ಕಡೆ ಚೂಪು ಮೂಲೆ ಇರುತ್ತದೆ; ಉಪ್ಪುಕಾಗದದಲ್ಲಿ ಉಜ್ಜದಿದ್ದರೆ ಎದುರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅಚ್ಚುಗಳ ನಡುವೆ 16.5 ಸೆಂ.ಮೀ. ಇರಲಿ. ಅರ್ಧ ಸೆಂ.ಮೀ. ಕಡಿಮೆಯಾದರೆ ಹಲ್ಲಿನ ತುದಿ ಎದುರಿನ ಬಿಲ್ಲೆಗೆ ತಾಗಿ ಚಕ್ರ ಕಚ್ಚಿಕೊಳ್ಳುತ್ತದೆ. ಒಂದು ಸೆಂ.ಮೀ. ಹೆಚ್ಚಾದರೆ ಹಲ್ಲು ಜಾರಿ ಎಣಿಕೆಯೇ ಕೆಡುತ್ತದೆ.

20 ಹಲ್ಲಿಗೆ 18 ಡಿಗ್ರಿ, ತೊಂದರೆ ಇಲ್ಲ. 13ಕ್ಕೆ 27.7 ಡಿಗ್ರಿ. ಮಕ್ಕಳು ಅದನ್ನು 28 ಮಾಡಿಕೊಂಡರೆ ಒಟ್ಟು 364 ಆಗಿ, ಕೊನೆಯ ಸಂದಿ ನಾಲ್ಕು ಡಿಗ್ರಿ ಇಕ್ಕಟ್ಟಾಗುತ್ತದೆ. ಚಕ್ರ ಪ್ರತಿ ಸುತ್ತಿಗೂ ಅಲ್ಲೇ ತಡೆಯುತ್ತದೆ. ಒಂದು ಹಲ್ಲಿನಿಂದ ಮುಂದಿನದಕ್ಕೆ ಅಳೆಯದೆ, ಒಂದೇ ಆರಂಭ ಗೆರೆಯಿಂದ 27.7, 55.4, 83.1 ಎಂದು ಗುರುತು ಹಾಕಿಸಿ.

ಅಂಕಿಗಳನ್ನು ಚಿಕ್ಕ ಚಕ್ರದ ಹಲ್ಲಿನ ಮೇಲೆ, ದಿನದ ಹೆಸರುಗಳನ್ನು ದೊಡ್ಡ ಚಕ್ರದ ಸಂದಿಗಳ ಬಳಿ ಬರೆಯಬೇಕು. ಎರಡೂ ಚಕ್ರ ಎದುರುಬದುರಾಗಿ ತಿರುಗುವುದರಿಂದ ಒಂದರ ಬರಹ ಗಡಿಯಾರದ ದಿಕ್ಕಿನಲ್ಲಿ, ಇನ್ನೊಂದರದು ಅದಕ್ಕೆ ವಿರುದ್ಧವಾಗಿ ಸಾಗಬೇಕು. ಎರಡನ್ನೂ ಒಂದೇ ದಿಕ್ಕಿನಲ್ಲಿ ಬರೆದರೆ ಅಂಕಿ ಮುಂದೆ, ಹೆಸರು ಹಿಂದೆ ಹೋಗುತ್ತದೆ. ಅಂಟಿಸುವ ಮುನ್ನ ಪೆನ್ಸಿಲ್‌ನಲ್ಲಿ ಬರೆದು ಒಮ್ಮೆ ತಿರುಗಿಸಿ ನೋಡುವುದು ಲೇಸು.

ಒಂದು ಹಲ್ಲು ಸರಿದರೆ ಅಂಕಿಯೂ ಹೆಸರೂ ಎರಡೂ ಬದಲಾಗುತ್ತವೆ: 1 ಇಮಿಷ್, 2 ಇಕ್. ನಮ್ಮ ಪಂಚಾಂಗದಲ್ಲಿ ಸೋಮವಾರ ತದಿಗೆಯಾದರೆ ಸಾಮಾನ್ಯವಾಗಿ ಮಂಗಳವಾರ ಚೌತಿ ಬರುವ ಹಾಗೆ. ಚಕ್ರ ಸರಿಯಿದೆಯೇ ಎಂದು ನೋಡಲು ಎರಡು ಗುರುತು: 13 ಬೆನ್ ಆದ ಮೇಲೆ 1 ಇಷ್ ಬರಬೇಕು, 7 ಅಹಾವ್ ಆದ ಮೇಲೆ 8 ಇಮಿಷ್. ಗ್ವಾಟೆಮಾಲಾದ ಮಲೆನಾಡಿನಲ್ಲಿ ಈ ಎಣಿಕೆ ಇಂದಿಗೂ ಇಟ್ಟುಕೊಂಡಿರುವ ದಿನಪಾಲಕರಿದ್ದಾರೆ. ಚಕ್ರ ಕೈಯಲ್ಲಿರುವಾಗಲೇ ಇದನ್ನು ಹೇಳಿಬಿಡಬೇಕು. ಇಲ್ಲದಿದ್ದರೆ ಮಾಯಾ ಜನ ಅಳಿದೇಹೋದರು ಎಂಬ ಭ್ರಮೆ ಗಟ್ಟಿಯಾಗುತ್ತದೆ.

ಹುಟ್ಟಿದ ದಿನ ಮತ್ತು ಪಕಾಲ್ (ಅರ್ಧ ಆಗಿದೆ)

ಮಾಯಾ ತಾರೀಖಿನ ಐದು ಅಂಕಿ ಎಂದರೆ ಹಳದಿ ಪಟ್ಟಿಯ ಐದು ಮನೆ, ಮೇಲಿನದು ಮೊದಲು. ಅದನ್ನು ನಮ್ಮ ತಾರೀಖಿಗೆ ಹೊಂದಿಸುವ, ಹೆಚ್ಚು ಬಳಕೆಯಲ್ಲಿರುವ ಲೆಕ್ಕದ ಪ್ರಕಾರ 2012ರ ಡಿಸೆಂಬರ್ 21 ಎಂದರೆ 13.0.0.0.0. ಈಗಿನ ಆರು, ಏಳನೇ ತರಗತಿಯವರು ಅದರ ನಂತರ ಹುಟ್ಟಿದವರು, ಹಾಗಾಗಿ ಅಲ್ಲಿಂದ ದಿನ ಎಣಿಸಿದರೆ ಆಯಿತು. 2015ರ ನವೆಂಬರ್ 1 ತೆಗೆದುಕೊಳ್ಳಿ: 1,045ನೇ ದಿನ. ಅದರಲ್ಲಿ 360 ಎರಡು ಸಲ, ಉಳಿದ 325ರಲ್ಲಿ 20 ಹದಿನಾರು ಸಲ, ಉಳಿದದ್ದು 5. ಉತ್ತರ 13.0.2.16.5. ಫೆಬ್ರವರಿ 2016ರ ಈಚೆಗೆ ಹುಟ್ಟಿದವರ ಲೆಕ್ಕದಲ್ಲಿ ಅಧಿಕ ದಿನ ಸೇರಿಸಲು ಮರೆಯುವುದು ಸಾಮಾನ್ಯ.

ಮುಂದಿನದು ಈಗಿನ ಮೆಕ್ಸಿಕೊದಲ್ಲಿದ್ದ ಮಾಯಾ ನಗರ ಪಾಲೆಂಕೆಯ ದೊರೆ ಪಕಾಲ್. ಹುಟ್ಟಿದ್ದು 9.8.9.13.0, ಪಟ್ಟಕ್ಕೆ ಬಂದದ್ದು 9.9.2.4.8. ಎರಡು ಹಳದಿ ಪಟ್ಟಿಗಳಲ್ಲಿ ಇಟ್ಟು ಕಳೆಯಬೇಕು. ದಶಕ ತರುವಂತೆ ಇಲ್ಲಿ 20 ತರಬೇಕು, ಆದರೆ ಮೂರನೇ ಮನೆಯಿಂದ ಎರಡನೆಯದಕ್ಕೆ ತಂದಾಗ ಸಿಗುವುದು 18 ಮಾತ್ರ. ಈ ಒಂದು ಜಾಗದಲ್ಲಿ ಅರ್ಧ ತರಗತಿ ತಪ್ಪುತ್ತದೆ ಎಂದೇ ಇಟ್ಟುಕೊಳ್ಳಿ. ಸರಿಯಾದ ಉತ್ತರ 4,508 ದಿನ. 365ರಿಂದ ಭಾಗಿಸಿದರೆ ಹನ್ನೆರಡು ವರ್ಷ ಚಿಲ್ಲರೆ. ದೊರೆಗೆ ತಮ್ಮದೇ ವಯಸ್ಸು ಎಂದು ಮಕ್ಕಳೇ ಕಂಡುಕೊಳ್ಳಲಿ, ಮೊದಲೇ ಹೇಳಬೇಡಿ. ಮರಣದ ತಾರೀಖು 9.12.11.5.18 ಬಿಡಿಸುವುದು ಇನ್ನೂ ಉಳಿದಿದೆ.

ಸುಣ್ಣದ ಮೆಕ್ಕೆಜೋಳ (ಬಾಕಿ)

ಮಾಯಾ ಜನ ಮೆಕ್ಕೆಜೋಳವನ್ನು ಸುಣ್ಣ ಹಾಕಿ ಬೇಯಿಸುವ ಕ್ರಮ ಇದು. 1 ಕೆ.ಜಿ. ಒಣ ಕಾಳಿಗೆ 3 ಲೀಟರ್ ನೀರು, 10 ಗ್ರಾಂ ತಿನ್ನುವ ಸುಣ್ಣದ ಪುಡಿ. ಮುಕ್ಕಾಲು ಗಂಟೆ ಕುದಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸಿಪ್ಪೆ ಕಳಚುವಂತೆ ಉಜ್ಜಿ ತೊಳೆಯಬೇಕು. ಸುಣ್ಣ ಕಾಳಿನಲ್ಲಿ ಕಟ್ಟಿಹಾಕಿಕೊಂಡಿರುವ ನಯಾಸಿನ್ ಜೀವಸತ್ವವನ್ನು ಬಿಡಿಸುತ್ತದೆ. ಈ ಕ್ರಮವಿಲ್ಲದೆ ಮೆಕ್ಕೆಜೋಳವನ್ನೇ ನಂಬಿದ ಯುರೋಪಿನ ಬಡವರಿಗೆ ನಯಾಸಿನ್ ಕೊರತೆಯ ರೋಗವಾದ ಪೆಲಾಗ್ರಾ ಬಂತು. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ, ಸ್ಟೀಲ್ ಆಗಬೇಕು. ಸುಣ್ಣ, ಕುದಿಯುವ ನೀರು ಎರಡೂ ದೊಡ್ಡವರ ಕೈಯಲ್ಲಿ. ಸ್ವೀಟ್ ಕಾರ್ನ್ ಕರಗಿಹೋಗುತ್ತದೆ. ಬಿತ್ತನೆ ಬೀಜಕ್ಕೆ ಔಷಧ ಹಚ್ಚಿರುತ್ತಾರೆ, ಅದನ್ನಂತೂ ಮುಟ್ಟಲೇಬಾರದು. ಮಿಕ್ಸಿಯಲ್ಲಿ ತಿರುಗಿಸಲು ನೀರು ಜಾಸ್ತಿ ಹಾಕಬೇಕಾಗಿ, ಹಿಟ್ಟು ತೆಳುವಾಗಿ ರೊಟ್ಟಿ ತಟ್ಟಲು ಬರುವುದಿಲ್ಲ. ಅರೆಯುವ ಕಲ್ಲು ಸಿಕ್ಕಿದ ಮೇಲೆಯೇ ಈ ಭಾಗ ಶುರು.