ಮಾರ್ಕ್ಸ್ ಬಂದರೆ ಮಾತ್ರ ಫೀಸ್ ಕಟ್ಟಬೇಕಾ?

ಕಾಲೇಜು ಮೇಷ್ಟ್ರ ಕೆಲಸದಿಂದ ನಿವೃತ್ತನಾದೆ, ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಕೊಡಗಿನ ಗೋಣಿಕೊಪ್ಪದ ಸಂತೆಯಲ್ಲೋ ಮದುವೆ ಮನೆಯಲ್ಲೋ ಯಾರಾದರೂ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಮೇಷ್ಟ್ರೇ, ಫಸ್ಟ್ ಕ್ಲಾಸ್ ಬಂದ್ರೆ ಮಾತ್ರ ಮುಂದಿನ ವರ್ಷದ ಫೀಸ್ ಅಂತ ಮಗನಿಗೆ ಹೇಳಿಬಿಡ್ಲಾ?"

ಬೇಡ. ಷರತ್ತು ಹಾಕಿ, ಆದರೆ ಮಾರ್ಕ್ಸಿನ ಮೇಲಲ್ಲ.

ಕೇಳುವವರ ಸಂಕಟ ನನಗೆ ಗೊತ್ತಿದೆ. ಕಾಲೇಜಿನವರು ಫೀಸ್ ಕೇಳುವುದು ಮಳೆಗಾಲದಲ್ಲಿ. ರೊಬಸ್ಟಾ ಕಾಫಿ ಕುಯ್ದು, ಒಣಗಿಸಿ, ಮಾರಿ ದುಡ್ಡು ಕೈಗೆ ಬರುವುದು ಬೇಸಿಗೆಯಲ್ಲಿ. ಮನೆಯಲ್ಲಿ ಕರಿಮೆಣಸು ಉಳಿಸಿಕೊಂಡಿದ್ದರೆ ಬಚಾವ್. ಇಲ್ಲದಿದ್ದರೆ ಕಾಫಿ ವ್ಯಾಪಾರಿಯ ಹತ್ತಿರ ಮುಂಗಡ, ಅಥವಾ ಚಿನ್ನ ಅಡ. ಹಾಗೆ ಹೊಂದಿಸಿ ಕಟ್ಟಿದ ಮೇಲೆ ಮಗ ಮೈಸೂರಿನಲ್ಲಿ ಮೂರು ಸಬ್ಜೆಕ್ಟ್ ಫೇಲಾಗಿ ಬ್ಯಾಕ್ ಇಟ್ಟುಕೊಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಆದರೆ ಫೀಸ್ ನಿಲ್ಲುತ್ತೆ ಅನ್ನುವ ಹೆದರಿಕೆ ಮಕ್ಕಳನ್ನು ಓದಿಸುವುದಕ್ಕಿಂತ ಮೊದಲು ಸುಳ್ಳು ಹೇಳಿಸುತ್ತದೆ. "ರಿಸಲ್ಟ್ ಇನ್ನೂ ಬಂದಿಲ್ಲಪ್ಪ" ಅನ್ನುತ್ತಾನೆ. ರಿಸಲ್ಟ್ ನೋಡಲು ಬೇಕಾದ ಯುಎಸ್‌ಎನ್ ನಂಬರೂ ಅಪ್ಪನಿಗೆ ಗೊತ್ತಿರುವುದಿಲ್ಲ. ವಿಷಯ ಮನೆಗೆ ತಿಳಿಯುವಷ್ಟರಲ್ಲಿ ಬ್ಯಾಕ್‌ಗಳು ಗುಡ್ಡೆ ಬಿದ್ದಿರುತ್ತವೆ. ಕನ್ನಡ ಮೀಡಿಯಂನಲ್ಲಿ ಓದಿ ಇಂಜಿನಿಯರಿಂಗ್‌ಗೆ ಹೋದ ಎಷ್ಟೋ ಮಕ್ಕಳು ಮೊದಲ ಸೆಮಿಸ್ಟರ್‌ನ ಗಣಿತದಲ್ಲೇ ಎಡವುತ್ತಾರೆ. ಆಗಲೇ ಹೇಳಿದ್ದರೆ ಟ್ಯೂಷನ್ ಹಾಕಿಸಬಹುದಿತ್ತು.

ಲೆಕ್ಕ ಹಾಕಿದರೂ ಇದು ನಷ್ಟವೇ. ಎರಡು ವರ್ಷ ಕಟ್ಟಿ ಮೂರನೇ ವರ್ಷ ನಿಲ್ಲಿಸಿದರೆ ಮೊದಲು ಕಟ್ಟಿದ್ದೂ ಹೋಯಿತು. ಅರ್ಧ ಡಿಗ್ರಿ ನೋಡಿ ಯಾರು ಕೆಲಸ ಕೊಡುತ್ತಾರೆ?

"ಸರ್ಕಾರವೂ ಷರತ್ತು ಹಾಕುತ್ತಲ್ಲ" ಅನ್ನುವವರಿದ್ದಾರೆ. ಹೌದು. ಕೇಂದ್ರ ಸರ್ಕಾರ ಪಿಯುಸಿಯಲ್ಲಿ ಚೆನ್ನಾಗಿ ಮಾಡಿದವರಿಗೆ ಡಿಗ್ರಿಯಲ್ಲಿ ವರ್ಷಕ್ಕೆ 12,000 ರೂಪಾಯಿ ಕೊಡುವ ಸ್ಕಾಲರ್‌ಶಿಪ್ ಮುಂದುವರಿಯಲು ಶೇ. 50 ಅಂಕ, ಶೇ. 75 ಹಾಜರಿ ಬೇಕು. ಅಲ್ಲೂ ಫಸ್ಟ್ ಕ್ಲಾಸ್ ಕೇಳಿಲ್ಲ ನೋಡಿ.

ಸುಮ್ನೆ ಕೊಡುತ್ತಾ ಹೋದರೆ ಮಕ್ಕಳು ಸಡಿಲವಾಗುವುದಿಲ್ಲವೇ? ಆಗುತ್ತಾರೆ, ಸ್ವಲ್ಪ. ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರಾ ಹ್ಯಾಮಿಲ್ಟನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪ್ಪ ಅಮ್ಮ ಜಾಸ್ತಿ ದುಡ್ಡು ಕೊಟ್ಟ ಮಕ್ಕಳ ಅಂಕ ತುಸು ಕಡಿಮೆ ಇತ್ತು. ಆದರೆ ಡಿಗ್ರಿ ಮುಗಿಸುವ ಸಾಧ್ಯತೆ ಹೆಚ್ಚಿತ್ತು. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡದು.

ಹಾಗಾದರೆ ಯಾವ ಷರತ್ತು? ಒಂದು, ಹಾಜರಿ. ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುನಲ್ಲಿ ಶೇ. 85 ಹಾಜರಿ ಇರಬೇಕು ಅನ್ನುವ ನಿಯಮವೇ ಇದೆ. ಪೇಪರ್ ಕಷ್ಟ ಬರುವುದು ಹುಡುಗನ ಕೈಯಲ್ಲಿಲ್ಲ, ಕ್ಲಾಸಿಗೆ ಹೋಗುವುದು ಅವನ ಕೈಯಲ್ಲಿದೆ. ಇನ್ನೊಂದು, ರಿಸಲ್ಟ್ ಬಂದ ದಿನವೇ ಮನೆಗೆ ತಿಳಿಸಬೇಕು, ಏನೇ ಬಂದಿರಲಿ. ತಿಳಿಸಿದ ದಿನ ನೀವು ಕೂಗಾಡಬಾರದು. ಇದು ನಿಮಗೆ ಹಾಕುವ ಷರತ್ತು. ನಾಲ್ಕು ವರ್ಷದ ಕೋರ್ಸಿಗೆ ಐದನೇ ವರ್ಷ ಬೇಕಾದರೆ ಆ ಖರ್ಚು ಅವನೇ ದುಡಿದು ತೀರಿಸಲಿ ಅಂತ ಸೇರಿಸುವ ದಿನವೇ ಹೇಳಿಬಿಡಿ. ಅದು ನ್ಯಾಯ.

ಕ್ಲಾಸಿಗೇ ಹೋಗದವನ ಮಾತು ಬೇರೆ. ಅಂಥವನಿಗೆ ಆ ಕೋರ್ಸೇ ಬೇಡವಾಗಿರಬಹುದು, ಫೀಸ್ ಕಟ್ಟುವ ಮೊದಲು ಕೂರಿಸಿ ಕೇಳಿ.

ಇನ್ನು ಬೈಕು, ಹೊಸ ಫೋನು? ಅವನ್ನು ಬೇಕಾದರೆ ಮಾರ್ಕ್ಸಿಗೇ ಕಟ್ಟಿ, ನನ್ನ ಅಡ್ಡಿಯಿಲ್ಲ.