ಡೆಲೆಯ ಆ ಅರ್ಧ ಸೆಕೆಂಡು

ಮೊನ್ನೆ ರಾತ್ರಿ ಹಳೇ ಫುಟ್‌ಬಾಲ್ ಮ್ಯಾಚ್ ಒಂದನ್ನ ಮತ್ತೆ ಹಾಕ್ಕೊಂಡು ನೋಡ್ತಾ ಕೂತಿದ್ದೆ. 2017ರ ಜನವರಿ 4, ವೈಟ್ ಹಾರ್ಟ್ ಲೇನ್, ಸ್ಪರ್ಸ್ (ಅಂದ್ರೆ ಲಂಡನ್ನಿನ ಟಾಟೆನ್‌ಹ್ಯಾಮ್) ಮತ್ತೆ ಚೆಲ್ಸಿ. ಚೆಲ್ಸಿ ಆಗ ಲೀಗ್‌ನಲ್ಲಿ ಸಾಲಾಗಿ 13 ಮ್ಯಾಚ್ ಗೆದ್ಕೊಂಡು ಬಂದಿತ್ತು, ತಡೆಯೋರೇ ಇರ್ಲಿಲ್ಲ. ಇನ್ನೇನು ಹಾಫ್ ಟೈಮ್ ವಿಸಿಲ್ ಊದ್ತಾರೆ ಅನ್ನೋ ಹೊತ್ತಿಗೆ ಬಲಗಡೆಯಿಂದ ಸ್ಪರ್ಸ್‌ನ ಎರಿಕ್ಸೆನ್ ಚೆಂಡನ್ನ ಬಾಕ್ಸ್ ಒಳಗೆ ಎತ್ತಿ ಹಾಕ್ತಾನೆ, ಎಲ್ಲಿಂದ್ಲೋ ಬಂದ ಡೆಲೆ ಆಲಿ ಡಿಫೆಂಡರ್‌ಗಿಂತ ಒಂದು ತಲೆ ಮೇಲಕ್ಕೆ ಹಾರಿ ಹೆಡ್ ಮಾಡ್ತಾನೆ, ಗೋಲು. ಸೆಕೆಂಡ್ ಹಾಫ್ ಶುರುವಾಗಿ ಹತ್ತು ನಿಮಿಷ ಆಗಿರ್ಲಿಲ್ಲ, ಅದೇ ಕಡೆಯಿಂದ ಅದೇ ಎರಿಕ್ಸೆನ್ ಅದೇ ಥರ ಹಾಕಿದ, ಇವನೂ ಅದೇ ಥರ ಹಾರಿ ಹೊಡೆದ. 2-0. ಆಗ ಅವನಿಗೆ ಬರೀ 20 ವರ್ಷ.

ಆ ಎರಡು ಗೋಲನ್ನ ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದೆನೋ ಲೆಕ್ಕ ಇಲ್ಲ. ಇಂಥ ಹುಡುಗನ ಆಟ ಎಲ್ಲಿಗೆ ಹೋಯ್ತು ಅನ್ನೋದು ಎಷ್ಟೋ ವರ್ಷದಿಂದ ತಲೆ ತಿಂತಿರೋ ಪ್ರಶ್ನೆ, ಇವತ್ತು ಬರೆದೇ ಬಿಡೋಣ ಅಂತ ಕೂತೆ.

ಮೊದ್ಲು ಅವನ ಆಟ ಏನು ಅಂತ ಹೇಳ್ಬೇಕು, ಯಾಕಂದ್ರೆ ಅದು ಗೊತ್ತಾಗ್ದೆ ಅವನು ಕಳ್ಕೊಂಡಿದ್ದೇನು ಅನ್ನೋದು ಗೊತ್ತಾಗಲ್ಲ. ಡೆಲೆ ಮಿಡ್‌ಫೀಲ್ಡರ್, ಆದ್ರೆ ಮೋಡ್ರಿಚ್ ಥರ ಆಟನ ಕೈಯಲ್ಲಿಟ್ಕೊಂಡು ನಡೆಸೋನಲ್ಲ, ಕಾಂಟೆ ಥರ ಚೆಂಡು ಕಿತ್ಕೊಳ್ಳೋನೂ ಅಲ್ಲ. ಒಳ್ಳೇ ಫಾರ್ಮ್‌ನಲ್ಲಿದ್ದಾಗ್ಲೂ ಎಷ್ಟೋ ಹೊತ್ತು ಅವನು ಮೈದಾನದಲ್ಲಿ ಇದಾನೋ ಇಲ್ವೋ ಅನ್ಸೋದು. ಅವನ ಕೆಲಸ ಬಾಕ್ಸ್ ಒಳಗೆ ಸರಿಯಾದ ಕ್ಷಣಕ್ಕೆ ಬಂದು ಬೀಳೋದು. ಸ್ಟ್ರೈಕರ್ ಹ್ಯಾರಿ ಕೇನ್ ಚೆಂಡಿಗೋಸ್ಕರ ಸ್ವಲ್ಪ ಹಿಂದಕ್ಕೆ ಬರ್ತಾನೆ, ಸೆಂಟರ್ ಬ್ಯಾಕ್ ಅವನ ಬೆನ್ನು ಹತ್ತಿ ಮುಂದೆ ಬರ್ತಾನೆ, ಅಲ್ಲೊಂದು ಖಾಲಿ ಜಾಗ ಆಗುತ್ತೆ, ಆ ಜಾಗ ಆಗೋಕೆ ಅರ್ಧ ಸೆಕೆಂಡ್ ಮುಂಚೆನೇ ಇವನು ಓಡೋಕೆ ಶುರು ಮಾಡಿರ್ತಿದ್ದ. ಡಿಫೆಂಡರ್ ತಿರುಗಿ ನೋಡೋ ಹೊತ್ತಿಗೆ ಎಲ್ಲಾ ಮುಗಿದೋಗಿರ್ತಿತ್ತು. ಇದನ್ನ ಯಾವ ಕೋಚೂ ಪೂರ್ತಿ ಹೇಳಿಕೊಡೋಕಾಗಲ್ಲ ಅಂತ ನಾನು ನಂಬ್ತೀನಿ, ಮೈಗೇ ಗೊತ್ತಿರ್ಬೇಕು ಅದು.

ಮಿಲ್ಟನ್ ಕೀನ್ಸ್ ಊರಿನ ಎಂಕೆ ಡಾನ್ಸ್‌ನಿಂದ 2015ರ ಫೆಬ್ರವರಿಯಲ್ಲಿ ಸುಮಾರು 50 ಲಕ್ಷ ಪೌಂಡ್‌ಗೆ ಸ್ಪರ್ಸ್ ಅವನನ್ನ ತಗೊಂಡಿತ್ತು, ಇವತ್ತಿನ ರೇಟ್‌ಗೆ ಅದು ಏನೂ ಅಲ್ಲ. ಮೊದಲ್ನೇ ಸೀಸನ್ನಲ್ಲೇ ಲೀಗ್‌ನಲ್ಲಿ 10 ಗೋಲು, ಮುಂದಿನ ಸೀಸನ್ 18. 2016, 2017 ಎರಡೂ ವರ್ಷ ಆಟಗಾರರ ಸಂಘದ (ಪಿಎಫ್‌ಎ) ಯಂಗ್ ಪ್ಲೇಯರ್ ಅವಾರ್ಡ್ ಅವನಿಗೇ. ಕ್ರಿಸ್ಟಲ್ ಪ್ಯಾಲೆಸ್ ಮೇಲೆ ಗೋಲಿಗೆ ಬೆನ್ನು ಹಾಕಿ ನಿಂತು, ಚೆಂಡನ್ನ ಕಾಲಲ್ಲಿ ಎತ್ತಿ ಡಿಫೆಂಡರ್ ತಲೆ ಮೇಲಿಂದ ದಾಟಿಸಿ, ಗಿರ್ರನೆ ತಿರುಗಿ ನೆಲ ಮುಟ್ಟೋಕೆ ಮುಂಚೆನೇ ಹೊಡೆದ ಗೋಲಂತೂ ನೋಡ್ದೇ ಇರೋರು ಯಾರಿದಾರೆ. 2017ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ ಎರಡು. 2018ರ ಏಪ್ರಿಲ್ 1ಕ್ಕೆ ಚೆಲ್ಸಿ ಮೈದಾನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಮತ್ತೆ ಎರಡು, 1990ರಿಂದ ಸ್ಪರ್ಸ್ ಆ ಮೈದಾನದಲ್ಲಿ ಗೆದ್ದೇ ಇರ್ಲಿಲ್ಲ.

ಇಂಗ್ಲೆಂಡ್ ಟೀಮಲ್ಲೂ ಶುರು ಹಾಗೇ ಇತ್ತು. 2015ರ ನವೆಂಬರ್‌ನಲ್ಲಿ ಫ್ರಾನ್ಸ್ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದ ದಿನಾನೇ ದೂರದಿಂದ ಬಾರಿಸಿದ, ಗೋಲಲ್ಲಿ ನಿಂತಿದ್ದೋನು ಅವನದೇ ಕ್ಲಬ್‌ನ ಲೊರಿಸ್. 2018ರ ವರ್ಲ್ಡ್ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ಮೇಲೆ ಹೆಡ್ಡರ್, ಇಂಗ್ಲೆಂಡ್ 28 ವರ್ಷ ಆದ್ಮೇಲೆ ಸೆಮಿಫೈನಲ್‌ಗೆ ಹೋಯ್ತು. ಅದಾಗಿ ಒಂದೇ ವರ್ಷ, 2019ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ನೇಷನ್ಸ್ ಲೀಗ್‌ನ ಮೂರನೇ ಸ್ಥಾನದ ಮ್ಯಾಚು, ಅದೇ ಅವನ 37ನೇ ಮ್ಯಾಚು, ಅದೇ ಕೊನೇದು ಕೂಡ. ವಯಸ್ಸು 23. ಅವತ್ತು ನೋಡಿದೋರು ಯಾರೂ ಇದು ಕೊನೇದು ಅಂತ ಅಂದ್ಕೊಂಡಿರಲ್ಲ. ಆಮೇಲೆ ಮೌಂಟ್, ಗ್ರೀಲಿಷ್, ಫೋಡೆನ್ ಒಬ್ರ ಹಿಂದೆ ಒಬ್ರು ಬಂದ್ರು, ಕೋಚ್ ಸೌತ್‌ಗೇಟ್ ಮತ್ತೆ ಕರೀಲೇ ಇಲ್ಲ. ಕ್ಲಬ್‌ನಲ್ಲೇ ಬೆಂಚ್ ಮೇಲಿರೋನನ್ನ ಹೇಗೆ ಕರೀತಾನೆ ಹೇಳಿ.

ಹಾಗಾದ್ರೆ ಆಗಿದ್ದೇನು? 2018-19ರಲ್ಲಿ ಹ್ಯಾಮ್‌ಸ್ಟ್ರಿಂಗ್ ಒಂದು ಸಲ ಅಲ್ಲ, ಮತ್ತೆ ಮತ್ತೆ ಕೈ ಕೊಡ್ತು, ಏಪ್ರಿಲ್‌ನಲ್ಲಿ ಕೈ ಬೇರೆ ಮುರೀತು. ಹ್ಯಾಮ್‌ಸ್ಟ್ರಿಂಗ್ ಅಂದ್ರೆ ತೊಡೆ ಹಿಂದಿನ ಸ್ನಾಯು, ನಿಂತಲ್ಲಿಂದ ಒಮ್ಮೆಲೇ ಓಡೋಕೆ ಅದೇ ಬೇಕು. ಒಂದ್ಸಲ ಹೋದ್ರೆ ಮತ್ತೆ ಓಡೋವಾಗ ಮನಸ್ಸಲ್ಲಿ ಸಣ್ಣದೊಂದು ಅಳುಕು ಉಳಿಯುತ್ತೆ. ಬೇರೆ ಆಟಗಾರನಿಗೆ ಅದು ದೊಡ್ಡ ವಿಷ್ಯ ಆಗ್ದೇ ಇರಬಹುದು, ಆದ್ರೆ ಇವನ ಬಂಡವಾಳನೇ ಆ ಅರ್ಧ ಸೆಕೆಂಡು. ಜೊತೆಗೆ 2019ರ ಜನವರಿಯಲ್ಲಿ ಸ್ಪರ್ಸ್ ಮಿಡ್‌ಫೀಲ್ಡರ್ ಡೆಂಬೆಲೆ ಚೀನಾಗೆ ಹೋದ, ಮುಂದಿನ ಜನವರಿಯಲ್ಲಿ ಎರಿಕ್ಸೆನ್ ಇಂಟರ್‌ಗೆ ಹೋದ. ಹಿಂದಿನಿಂದ ಚೆಂಡನ್ನ ಹೊತ್ಕೊಂಡು ಬರೋನೂ ಹೋದ, ಕಣ್ಣು ಮುಚ್ಚಿ ಪಾಸ್ ಹಾಕೋನೂ ಹೋದ. ಸರಿಯಾಗಿ ಓಡಿ ಬಂದ್ರೂ ಚೆಂಡೇ ಬರ್ದಿದ್ರೆ ಓಡಿ ಏನ್ ಮಾಡ್ತಾನೆ.

ಮಧ್ಯದಲ್ಲಿ ಆಸೆನೂ ಹುಟ್ಟಿತ್ತು. 2019ರ ನವೆಂಬರ್‌ನಲ್ಲಿ ಸ್ಪರ್ಸ್ ಕೋಚ್ ಪೊಚೆಟ್ಟಿನೊನ ತೆಗೆದು ಮೊರಿನ್ಯೊನ ತಂದಾಗ ಮೊದಲ ಮ್ಯಾಚ್‌ನಲ್ಲಿ ವೆಸ್ಟ್ ಹ್ಯಾಮ್ ಮೇಲೆ ನೆಲದಲ್ಲಿ ಬಿದ್ಕೊಂಡೇ ಚೆಂಡನ್ನ ಹಿಂದಕ್ಕೆ ಒದ್ದು ಜೊತೆಗಾರ ಸನ್‌ಗೆ ಕಳಿಸಿದ್ದ, ಅದು ಗೋಲಾಯ್ತು. ಆಮೇಲೆ ಬೋರ್ನ್‌ಮತ್ ಮೇಲೆ ಎರಡು, ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಒಂದು. ಬಂದ ನಮ್ಮ ಡೆಲೆ ವಾಪಸ್ ಅಂತ ಕುಣಿದಾಡಿದ್ದೆ. ಕೆಲವೇ ವಾರ, ಮತ್ತೆ ಮಂಕು. 2020-21ರಲ್ಲಿ ಲೀಗ್‌ನಲ್ಲಿ 15 ಮ್ಯಾಚ್, ಗೋಲು ಸೊನ್ನೆ. ಅದೇ ಸೀಸನ್ನಲ್ಲಿ ಯುರೋಪಾ ಲೀಗ್‌ನಲ್ಲಿ ವೋಲ್ಫ್ಸ್‌ಬರ್ಗರ್ ಮೇಲೆ ಗಾಳಿಯಲ್ಲಿ ಮಲಗಿ ಬೈಸಿಕಲ್ ಕಿಕ್ ಹೊಡೆದ, ಅದೂ ನೆನಪಿರ್ಲಿ. ಕಾಲಿನ ಚಳಕ ಹಾಗೇ ಇತ್ತು. ಅದಕ್ಕೇ ನನಗೆ ಸಿಟ್ಟು ಇನ್ನೂ ಜಾಸ್ತಿ ಆಗ್ತಿತ್ತು. ಇಷ್ಟೆಲ್ಲಾ ಇಟ್ಕೊಂಡು ಯಾಕೆ ಓಡ್ತಿಲ್ಲ ಇವನು, ಸೋಮಾರಿ, ದುಡ್ಡು ಬಂತು ತಲೆ ತಿರುಗ್ತು ಅಂತ ನಾನೇ ಎಷ್ಟೋ ಜನರ ಹತ್ರ ಹೇಳಿದೀನಿ, ಬರೆದೂ ಇದೀನಿ. ಕ್ಲಬ್ ಬಗ್ಗೆ ಮಾಡಿದ ಡಾಕ್ಯುಮೆಂಟರಿಯಲ್ಲಿ ಮೊರಿನ್ಯೊ ಅವನಿಗೆ ಸೋಮಾರಿ ಅಂದಿದ್ದನ್ನ ನೋಡಿ, ನೋಡಿ ನಾನು ಹೇಳಿದ್ದೇ ಸರಿ ಅಂತ ಖುಷಿ ಪಟ್ಟಿದ್ದೆ.

2023ರ ಜುಲೈನಲ್ಲಿ ಮಾಜಿ ಆಟಗಾರ ಗ್ಯಾರಿ ನೆವಿಲ್ ಜೊತೆ ಅವನು ಕೂತು ಮಾತಾಡಿದ್ದು ಬಂತು. ನಾನದನ್ನ ಒಂದೇ ಸಲಕ್ಕೆ ಪೂರ್ತಿ ನೋಡೋಕಾಗ್ಲಿಲ್ಲ. ಆರನೇ ವಯಸ್ಸಲ್ಲಿ ಲೈಂಗಿಕ ದೌರ್ಜನ್ಯ. ಎಂಟನೇ ವಯಸ್ಸಿಗೆ ಡ್ರಗ್ಸ್ ಮಾರೋಕೆ ಕಳಿಸಿದ್ದು. ಹನ್ನೆರಡಕ್ಕೆ ಇನ್ನೊಂದು ಕುಟುಂಬ ತಮ್ಮ ಮಗನ ಥರ ಮನೆಗೆ ಕರ್ಕೊಂಡಿದ್ದು, ಅವರ ಬಗ್ಗೆ ಹೇಳೋವಾಗ ಮಾತ್ರ ಅವನ ಮುಖ ಸ್ವಲ್ಪ ಸಡಿಲ ಆಯ್ತು. ವರ್ಷಗಟ್ಟಲೆ ನಿದ್ದೆ ಮಾತ್ರೆ ಚಟ, ಯಾರಿಗೂ ಹೇಳ್ದೆ ಒಳಗೇ ಇಟ್ಕೊಂಡಿದ್ದು. ಮೊರಿನ್ಯೊ ಟೀಮಿಂದ ಕೈಬಿಟ್ಟಿದ್ದ ದಿನಗಳಲ್ಲಿ ಒಂದು ಬೆಳಗ್ಗೆ ಪ್ರಾಕ್ಟೀಸ್‌ಗೆ ಹೋಗೋ ಮುಂಚೆ ಕನ್ನಡಿ ಮುಂದೆ ನಿಂತು, ಈಗ್ಲೇ ಆಟ ಬಿಟ್ಬಿಡ್ಲಾ ಅಂತ ಕೇಳ್ಕೊಂಡನಂತೆ, 24ನೇ ವಯಸ್ಸಲ್ಲಿ. ಇದೆಲ್ಲಾ ಹೇಳೋಕೆ ಕೆಲವೇ ವಾರ ಮುಂಚೆ ಅವನು ಅಮೆರಿಕದಲ್ಲಿ ಆರು ವಾರ ರಿಹ್ಯಾಬ್‌ನಲ್ಲಿದ್ದು ಬಂದಿದ್ದ. ಸೋಮಾರಿ ಅಂದಿದ್ದ ಮೊರಿನ್ಯೊ ಆಮೇಲೆ ತನ್ನ ಹತ್ರ ಸಾರಿ ಕೇಳಿದ್ದ, ಅದು ಮಾತ್ರ ಡಾಕ್ಯುಮೆಂಟರಿಯಲ್ಲಿ ಬರ್ಲಿಲ್ಲ ಅಂತಾನೂ ಅವನೇ ಹೇಳಿದ. ಮೊರಿನ್ಯೊ ಸಾರಿ ಕೇಳಿದ್ದಾದ್ರೂ ಇದೆ. ನಾನು ಬರೆದಿದ್ದನ್ನ ಅಳಿಸಿದೆ, ಹೇಳಿದ್ದನ್ನ ಹೇಗೆ ಅಳಿಸೋದು.

ಇನ್ನೊಂದು ವಿಷ್ಯ ಆಗ ನೆನಪಾಯ್ತು. 2016ರಲ್ಲಿ ಅವನು ಜರ್ಸಿ ಬೆನ್ನ ಮೇಲೆ ಆಲಿ ಅನ್ನೋದನ್ನ ತೆಗೆಸಿ ಬರೀ ಡೆಲೆ ಅಂತ ಹಾಕಿಸ್ಕೊಂಡಿದ್ದ, ಆ ಮನೆತನದ ಹೆಸರಿಗೂ ತನಗೂ ಸಂಬಂಧನೇ ಇಲ್ಲ ಅನ್ಸುತ್ತೆ ಅಂತ ಹೇಳಿದ್ದ. ನಾವೆಲ್ಲಾ ಸ್ಟೈಲ್‌ಗೆ ಮಾಡ್ತಿದಾನೆ ಅಂದ್ಕೊಂಡ್ವಿ. ಮೊನ್ನೆ ನೋಡಿದ ಚೆಲ್ಸಿ ಮ್ಯಾಚ್‌ನಲ್ಲೂ ಆ ಹೆಸರೇ ಬೆನ್ನ ಮೇಲಿದೆ, 20ನೇ ನಂಬರ್ ಮೇಲೆ, ಅಷ್ಟು ದೊಡ್ಡ ಅಕ್ಷರದಲ್ಲಿ. 18 ಗೋಲು ಹೊಡೆದ ಆ ಸೀಸನ್ನಲ್ಲೂ ಅವನು ಇದನ್ನೆಲ್ಲಾ ಹೊತ್ಕೊಂಡೇ ಓಡ್ತಿದ್ದ.

ಉಳಿದಿದ್ದು ನಿಮಗೆ ಗೊತ್ತಿರೋದೇ. 2022ರ ಜನವರಿ ಕೊನೇ ದಿನ ಎವರ್ಟನ್, ಅಲ್ಲಿ ಒಂದೂ ಗೋಲಿಲ್ಲ. ಲೋನ್ ಮೇಲೆ ಟರ್ಕಿಯ ಬೆಶಿಕ್ತಾಶ್. ಆಮೇಲೆ ಗಾಯ, ಗಾಯ, ಗಾಯ. ಸುಮಾರು ಎರಡು ವರ್ಷ ಒಂದು ಮ್ಯಾಚೂ ಆಡ್ಲಿಲ್ಲ. 2025ರ ಮಾರ್ಚ್‌ನಲ್ಲಿ ಇಟಲಿಯ ಕೋಮೊ ಪರವಾಗಿ ಮಿಲಾನ್ ಮೇಲೆ ಸ್ಯಾನ್ ಸಿರೋದಲ್ಲಿ ಇಳಿದ, ನಾನು ಎದ್ದು ನಿಂತೇ ನೋಡ್ತಿದ್ದೆ. ಹತ್ತು ನಿಮಿಷನೂ ಆಗಿತ್ತೋ ಇಲ್ವೋ, ಮಿಲಾನ್‌ನ ಲಾಫ್ಟಸ್-ಚೀಕ್ ಕಾಲಿಗೆ ಬೂಟ್ ತಗುಲ್ತು, ರೆಫರಿ ವಿಎಆರ್ (ವಿಡಿಯೋ ರೀಪ್ಲೇ) ನೋಡಿ ಬಂದು ರೆಡ್ ಕಾರ್ಡ್ ತೋರಿಸಿದ. ಚೆಂಡಿಗೇ ಹೋಗಿದ್ದ ಅವನು, ತಲುಪೋ ಹೊತ್ತಿಗೆ ಚೆಂಡು ಅಲ್ಲಿರ್ಲಿಲ್ಲ. ಅರ್ಧ ಸೆಕೆಂಡ್ ಲೇಟ್.

ಸೆಪ್ಟೆಂಬರ್‌ನಲ್ಲಿ ಅದೇ ವರ್ಷ ಕೋಮೊನೂ ಬಿಟ್ಟ. ಇನ್ನು ಅವನು ಯಾವ ಟೀಮಿಗೆ ಆಡ್ತಾನೋ, ಯಾವ ಲೀಗೋ, ಎರಡನೇ ಡಿವಿಷನ್ನೋ ಮೂರನೇದೋ, ನನಗೇನೂ ಬೇಜಾರಿಲ್ಲ, ಗೋಲು ಹೊಡೀಲೇಬೇಕು ಅಂತಾನೂ ಇಲ್ಲ. ಇನ್ನೊಂದ್ಸಲ ಶೂ ಕಟ್ಟಿ ಇಳಿದ್ರೆ ಆ ಮ್ಯಾಚ್ ಎಷ್ಟೊತ್ತಿಗಿದ್ರೂ ನಾನು ನೋಡ್ತೀನಿ.